ಮಂಗಳವಾರ ಮೂರರಿಂದ ನಾಲ್ಕೂವರೆ

ಹೋದ ವಾರ ಮಗಳ ಅಡುಗೆಮನೆಯಲ್ಲಿ ಪಾಯಸಕ್ಕೆಂದು ಗಸಗಸೆ ಹುರಿಯುತ್ತಿದ್ದೆ. ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನ ಈ ಮನೆಯಲ್ಲಿ ಒಂದು ಒಗ್ಗರಣೆ ಹಾಕಿದರೂ ಹೊಗೆಯ ಅಲಾರಂ ಬೊಬ್ಬೆ ಹೊಡೆಯುತ್ತದೆ. ಅದಕ್ಕೇ ಕಿಟಕಿ ತೆರೆದು ಸಣ್ಣ ಉರಿಯಲ್ಲಿ ಹುರಿಯುವುದು ನನ್ನ ಅಭ್ಯಾಸ. ಇಂಡಿಯನ್ ಅಂಗಡಿಯಲ್ಲಿ ಬಿಳಿ ಗಸಗಸೆ ಮುಗಿದಿತ್ತೆಂದು ಮಗಳು ಇಲ್ಲಿಯವರ ಅಂಗಡಿಯಿಂದ ಕಪ್ಪು ಗಸಗಸೆ ತಂದಿದ್ದಳು. ಅದಕ್ಕೆ ಹಾಲು ಹೊಯ್ದು ಕುದಿಸಿದಾಗ ಎದ್ದ ವಾಸನೆಯೇ ಬೇರೆ... ಸ್ವಲ್ಪ ಮಣ್ಣು, ಸ್ವಲ್ಪ ಬಾದಾಮಿ. ಸೌಟು ಹಿಡಿದು ನಿಂತವಳು ನಿಂತಲ್ಲೇ ಬರ್ವಿನ್‌ಗೆ ಹೋಗಿಬಿಟ್ಟೆ. ಷಿಕಾಗೋದ ಪಶ್ಚಿಮದ ಅಂಚಿಗೆ ಅಂಟಿಕೊಂಡ ಊರು ಅದು. ಅಲ್ಲಿಯ ಇಟ್ಟಿಗೆ ಮನೆ, ಕೆಳಗಿನ ಅಡುಗೆಮನೆ, ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸಿದ ಕಬ್ಬಿಣದ ಪುಟ್ಟ ಗಿರಣಿ, ಅದರ ಹಿಡಿ ತಿರುಗಿಸುತ್ತಿದ್ದ ನಮ್ಮ ಓನರಮ್ಮ.

ಪಾಯಸ ತಳ ಹಿಡಿಯಿತು. ಮಗಳು ಓಡಿ ಬಂದು ಒಲೆ ಆರಿಸಿದಳು. ಇಷ್ಟು ವರ್ಷದ ಮೇಲೆ ಸತ್ತವರ ನೆನಪಾದರೆ ಕಣ್ಣಲ್ಲಿ ನೀರು ಬರಬೇಕು. ನನಗೆ ಬಂದದ್ದು ಸಿಟ್ಟು. ಮೈಯೆಲ್ಲ ಉರಿಯುವಂಥ ಸಿಟ್ಟು.

ನಾನು ಮದುವೆಯಾಗಿ ಮೈಸೂರಿನಿಂದ ಬಂದದ್ದು ಅರವತ್ತೆಂಟರ ಜೂನ್‌ನಲ್ಲಿ. ನಮ್ಮವರಿಗೆ ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಕೆಲಸ. ಬಾಡಿಗೆ ಕಡಿಮೆಯೆಂದು ಬರ್ವಿನ್‌ನಲ್ಲಿ ಎರಡಂತಸ್ತಿನ ಮನೆಯೊಂದರ ಮೇಲಿನ ಭಾಗ ಹಿಡಿದಿದ್ದರು. ಕೆಳಗೆ ಮನೆಯ ಯಜಮಾನಿ ಒಬ್ಬರೇ ಇದ್ದರು, ಅರವತ್ತು ದಾಟಿದ ವಿಧವೆ. ಅವರ ಹೆಸರನ್ನು ಉಚ್ಚರಿಸಲು ಹೋದರೆ ನಮ್ಮ ನಾಲಿಗೆ ಗಂಟು ಬೀಳುತ್ತಿತ್ತು. ಬೆಂಗಳೂರಿನ ವಠಾರದ ರೂಢಿಯಂತೆ ನಾವಿಬ್ಬರೂ ನಮ್ಮೊಳಗೆ ಓನರಮ್ಮ ಎಂದು ಕರೆದುಕೊಂಡೆವು. ಒಂದು ದಿನ ಬಾಯಿ ತಪ್ಪಿ ಅವರೆದುರಿಗೇ ಹಾಗೆಂದುಬಿಟ್ಟೆ. ಅರ್ಥ ಕೇಳಿದರು. ಓನರ್ ಅವರಿಗೆ ಗೊತ್ತಿತ್ತು, ಅಮ್ಮ ಎಂದರೇನೆಂದು ಬಿಡಿಸಿ ಹೇಳಿದೆ. ಇನ್ನು ಮೇಲೆ ಹೀಗೇ ಕರೆ ಎಂದರು. ಅವರಿಗೆ ಮಕ್ಕಳಿರಲಿಲ್ಲ.

ನನ್ನನ್ನು ಮೊದಲು ಕೆಳಗಿಳಿಸಿದ್ದು ಗಸಗಸೆಯ ವಾಸನೆಯೇ. ಅಮ್ಮನ ಮನೆಯ ಹಬ್ಬದ ವಾಸನೆ ಈ ಪರದೇಶದ ಹೆಂಗಸಿನ ಒಲೆಯಿಂದ ಹೇಗೆ ಬಂತು ಎಂದು ನೋಡಲು ಹೋದೆ. ಅವರು ಅದನ್ನು ಹಾಲು ಸಕ್ಕರೆಯಲ್ಲಿ ಗಟ್ಟಿಯಾಗಿ ಕುದಿಸಿ ಬನ್ನಿನ ನಡುವೆ ತುಂಬುತ್ತಿದ್ದರು. ಮೊಟ್ಟೆ ಇದೆಯೇ ಎಂದು ಸಂಕೋಚದಿಂದ ಕೇಳಿದೆ. ಇದೆ ಎಂದರು. ಮುಂದಿನ ಶನಿವಾರ ಮೊಟ್ಟೆ ಹಾಕದ ಆರು ಬನ್ನು ಬೇರೆ ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಮೆಟ್ಟಿಲ ಮೇಲಿಟ್ಟು ಹೋಗಿದ್ದರು. ಆಮೇಲೆ ಯಾವ ಶನಿವಾರವೂ ಅದು ತಪ್ಪಲಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕೆಳಗಿನಿಂದ ಕೂಗಾಟ ಕೇಳಿ ಯಾರೋ ಕಳ್ಳರು ನುಗ್ಗಿದರೆಂದು ಓಡಿದೆ. ಓನರಮ್ಮ ಟಿವಿಗೆ ಬೈಯುತ್ತಿದ್ದರು. ಹಳೆಯ ಊರೊಂದರ ಬೀದಿಯಲ್ಲಿ ಬೇರೆ ದೇಶದ ಸೈನ್ಯದ ಟ್ಯಾಂಕುಗಳು ಸಾಲಾಗಿ ಬರುತ್ತಿದ್ದವು. ಅದು ಪ್ರಾಗ್, ಅವರು ಹುಟ್ಟಿ ಬೆಳೆದ ಊರು. ನಲವತ್ತೆಂಟರಲ್ಲಿ ಅಲ್ಲಿ ಕಮ್ಯುನಿಸ್ಟರ ಸರ್ಕಾರ ಬಂದಾಗ ಗಂಡನ ಜೊತೆ ಕದ್ದು ಗಡಿ ದಾಟಿ ಬಂದವರು ಅವರು. ವಾಪಸ್ ಕಾಲಿಟ್ಟರೆ ಜೈಲು. ಅಲ್ಲಿ ಉಳಿದವಳು ಒಬ್ಬಳೇ ಒಬ್ಬ ತಂಗಿ, ಅವಳಿಗೆ ಹೊರಗೆ ಬರಲು ಪಾಸ್‌ಪೋರ್ಟ್ ಕೊಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅಕ್ಕತಂಗಿಯರಿಗೆ ಕಾಗದವೊಂದೇ ಗತಿ. ಅದನ್ನೂ ನಡುವೆ ಯಾರೋ ಒಡೆದು ಓದಿ ಮತ್ತೆ ಅಂಟಿಸಿ ಕಳಿಸುತ್ತಿದ್ದರು. ಆ ಸುಕ್ಕುಗಟ್ಟಿದ ಗೋಂದನ್ನು ನನ್ನ ಬೆರಳಿಗೆ ಮುಟ್ಟಿಸಿ ತೋರಿಸಿದರು. ಪರರ ಕಾಗದ ಓದುವ ನಾಚಿಕೆಗೆಟ್ಟವರು ಎಂದು ನನಗೂ ಅವತ್ತು ಬೈಗುಳ ಬಂತು, ಕನ್ನಡದಲ್ಲಿ. ಅವರು ಅವರ ಭಾಷೆಯಲ್ಲಿ, ನಾನು ನನ್ನ ಭಾಷೆಯಲ್ಲಿ, ಇಬ್ಬರೂ ಟಿವಿಯ ಮುಂದೆ ಕೂತು ಬೈದೆವು.

ಆ ಚಳಿಗಾಲ ಅವರು ನನಗೆ ಪ್ರಾಗ್ ತೋರಿಸಿದರು, ಅಡುಗೆಮನೆಯ ಮೇಜಿನ ಮೇಲೆ. ಮೆಣಸಿನ ಪುಡಿಯ ಡಬ್ಬಿಯೆಂದರೆ ಮಸಿ ಹಿಡಿದ ಕಪ್ಪು ಗೋಪುರ. ಅಲ್ಲಿಂದ ಎರಡು ಚಮಚಗಳ ನಡುವೆ ಬೀದಿ. ತಟ್ಟೆಯೆಂದರೆ ಹಳೆಯ ಚೌಕ, ಅದರ ಅಂಚಿನ ಉಪ್ಪಿನ ಡಬ್ಬಿ ಗಡಿಯಾರದ ಕಟ್ಟಡ. ಗಂಟೆ ಹೊಡೆಯುವಾಗ ಅದರ ಕಿಟಕಿ ತೆರೆದು ಬೊಂಬೆಗಳು ಒಂದರ ಹಿಂದೆ ಒಂದು ಬಂದು ಹೋಗುತ್ತವಂತೆ. ಚೌಕ ದಾಟಿದ ಮೇಲೆ ಓಣಿ ಸೊಟ್ಟಗೆ ಹೋಗುತ್ತದೆ, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಆಮೇಲೆ ಇನ್ನೊಂದು ಗೋಪುರ, ಅದರ ಬಾಗಿಲಿನಿಂದಾಚೆ ಸೇತುವೆ. ಬೆಣ್ಣೆ ಹಚ್ಚುವ ಚಾಕು ಸೇತುವೆಯಾಗುತ್ತಿತ್ತು. ಅದರ ಎರಡೂ ಬದಿ ಕಲ್ಲಿನ ಸಂತರ ಮೂರ್ತಿಗಳು. ಯಾವ ಮೂರ್ತಿಯ ಬುಡದಲ್ಲಿ ತಂಗಿ ಚಿಕ್ಕವಳಿದ್ದಾಗ ಜಾರಿಬಿದ್ದು ಎಡಗಾಲು ಮುರಿದುಕೊಂಡಳು ಎಂಬುದನ್ನು ಕೂಡ ಚಾಕುವಿನ ಮೇಲೆ ಉಗುರಿನಿಂದ ಗುರುತು ಮಾಡಿ ತೋರಿಸುತ್ತಿದ್ದರು. ಮೂಳೆ ಕೂಡಿದ ಮೇಲೂ ಅವಳ ಎಡ ಹೆಜ್ಜೆ ಒಳಕ್ಕೆ ತಿರುಗುತ್ತಿತ್ತಂತೆ. ಹೇಳಿ ನಗುತ್ತಿದ್ದರು.

ಹಿಮ ಕರಗಿದ ಮೇಲೆ ಇದೇ ಆಟ ಬೀದಿಗೆ ಬಂತು. ಮಂಡಿನೋವಿಗೆ ದಿನಾ ಒಂದು ಮೈಲಿ ನಡೆಯಬೇಕೆಂದು ಅವರಿಗೆ ಹೇಳಿದ್ದರು. ಸರ್ಮ್ಯಾಕ್ ರಸ್ತೆಯಲ್ಲಿ ಒಂದು ಬ್ಯಾಂಕಿನ ಮುಂದೆ ದೊಡ್ಡ ಗಡಿಯಾರವಿತ್ತು. ಅಲ್ಲಿ ನಿಂತು "ಈಗ ಎಲ್ಲಿದೀವಿ?" ಎಂದು ಕೇಳುವರು. ಚೌಕದಲ್ಲಿ ಎನ್ನಬೇಕು. "ಈಗ ಯಾವ ಕಡೆ?" ಬಲಕ್ಕೆ ಎನ್ನಬೇಕು. ತಪ್ಪು ಹೇಳಿದರೆ ಹೆಜ್ಜೆ ಕೀಳುತ್ತಿರಲಿಲ್ಲ, ಹಟಮಾರಿ. ನಾನು ಸೀರೆಯ ಮೇಲೆ ನಮ್ಮವರ ಕೋಟು ಹಾಕಿಕೊಂಡು, ಅವರು ತಲೆಗೆ ಬಟ್ಟೆ ಕಟ್ಟಿಕೊಂಡು, ಆ ಇಟ್ಟಿಗೆ ಬಂಗಲೆಗಳ ಸಾಲಿನಲ್ಲಿ ಇಲ್ಲದ ಊರನ್ನು ಸುತ್ತುತ್ತಿದ್ದೆವು. ನಾಲ್ಕು ವರ್ಷ ಸುತ್ತಿದೆವು. ಕಡೆಕಡೆಗೆ ಮೈಸೂರಿನ ಮಾರುಕಟ್ಟೆಯ ದಾರಿಗಿಂತ ಆ ಸೇತುವೆಯ ದಾರಿ ನನಗೆ ಚೆನ್ನಾಗಿ ಬಾಯಿಪಾಠವಾಗಿತ್ತು.

ಎಪ್ಪತ್ತಮೂರರಲ್ಲಿ ಊರಿಗೆ ಹೋಗುವ ಮಾತು ಬಂತು. ನಮ್ಮ ಕನ್ನಡದ ಬಳಗದಲ್ಲಿ ಒಬ್ಬ ಡಾಕ್ಟ್ರಿದ್ದರು. ಸರ್ಜನ್, ಓಕ್ ಬ್ರೂಕ್‌ನಲ್ಲಿ ಮನೆ ಕಟ್ಟಿಸಿದ್ದವರು, ನಮಗೆಲ್ಲ ಹತ್ತಿಪ್ಪತ್ತು ವರ್ಷ ಹಿರಿಯರು. ಯಾರ ಮನೆಯ ನಾಮಕರಣವಾದರೂ, ಯಾರು ಕಾರು ಕೊಂಡರೂ ಅವರನ್ನು ಕೇಳದೆ ಆಗುತ್ತಿರಲಿಲ್ಲ. ಶಂಖದಿಂದ ಬಂದರೆ ತೀರ್ಥ ಅನ್ನುತ್ತಾರಲ್ಲ, ಹಾಗೆ. ಅವರೇ ಹುಡುಕಿ ಹುಡುಕಿ ಒಂದು ಅಗ್ಗದ ಟಿಕೆಟ್ ಹಿಡಿದರು. ನ್ಯೂಯಾರ್ಕಿನಿಂದ ಬೊಂಬಾಯಿಗೆ, ಹೋಗುವಾಗ ನಡುವೆ ಎರಡು ರಾತ್ರಿ ಪ್ರಾಗ್‌ನಲ್ಲಿ. ಹೋಟೆಲು, ಊಟ, ಊರು ತೋರಿಸುವುದು ಎಲ್ಲ ವಿಮಾನದ ಕಂಪನಿಯದೇ. ಜೊತೆಗಿದ್ದ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದೆ ಹನ್ನೆರಡು ಜನ ಹೊರಟೆವು.

ಪ್ರಾಗ್ ಎಂಬ ಹೆಸರು ಕೇಳಿ ಓನರಮ್ಮ ಹಿಟ್ಟು ನಾದುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದರು. ನಮಗೆ ಕೊಟ್ಟ ಕಾರ್ಯಕ್ರಮದ ಹಾಳೆಯನ್ನು ತರಿಸಿ ಕನ್ನಡಕ ಹಾಕಿ ಓದಿದರು. ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಹೋಟೆಲಿನಿಂದ ಕಾಲ್ನಡಿಗೆ, ಕಪ್ಪು ಗೋಪುರ, ಹಳೆಯ ಚೌಕ, ಸೇತುವೆ, ಆಚೆ ದಡದ ಹಳೆಯ ಬೀದಿಗಳು. ನಮ್ಮ ಮೇಜಿನ ಮೇಲಿನ ದಾರಿಯೇ ಅದು! ಮೂರನೆಯ ದಿನ ಮೇಲೆ ಬಂದು ತಮ್ಮ ಯೋಜನೆ ಹೇಳಿದರು. ತಂಗಿ ಹೋಟೆಲಿಗೆ ಬರುವಂತಿಲ್ಲ, ವಿದೇಶಿಯರ ಹೋಟೆಲಿನ ಬಾಗಿಲಲ್ಲಿ ಅಲ್ಲಿಯವರ ಹೆಸರು ಬರೆದುಕೊಳ್ಳುತ್ತಾರೆ. ಆದರೆ ಬೀದಿಯಲ್ಲಿ ನಡೆಯುವವರನ್ನು ಯಾರೂ ಏನೂ ಕೇಳುವುದಿಲ್ಲ. ನಾಲ್ಕು ಗಂಟೆಗೆ ನಮ್ಮ ಗುಂಪು ಸೇತುವೆಯ ಗೋಪುರಕ್ಕೆ ಬರುತ್ತದೆ. ಅವಳು ನೀಲಿ ತಲೆಬಟ್ಟೆ ಕಟ್ಟಿಕೊಂಡು ಅಲ್ಲಿರುತ್ತಾಳೆ. ನಾನು ಹಸಿರು ಸೀರೆಯಲ್ಲಿರಬೇಕು. ಮಾತಿಲ್ಲ, ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಸೇತುವೆಯ ಆ ತುದಿಯವರೆಗೆ ಅವಳು ನನ್ನ ಪಕ್ಕದಲ್ಲಿ ನಡೆಯುತ್ತಾಳೆ, ಅಷ್ಟೇ.

"ಅಷ್ಟೇ ಸಾಕಾ?" ಎಂದೆ.

"ನೀನು ಅವಳ ಜೊತೆ ನಡಿ. ಆಮೇಲೆ ಬಂದು ನನಗೆ ಹೇಳು. ಸೊರಗಿದಾಳಾ, ಕೋಲು ಹಿಡೀತಾಳಾ, ಎಡಗಾಲು ಇನ್ನೂ ಒಳಗೇ ಹೋಗುತ್ತಾ... ಇದನ್ನೆಲ್ಲ ಅವಳು ಕಾಗದದಲ್ಲಿ ಬರೆಯೋದಿಲ್ಲ." ಅವರದು ಒಡಕು ಇಂಗ್ಲಿಷು. ಆದರೆ ಆ ಮಾತು ನನ್ನ ಕಿವಿಯಲ್ಲಿ ಇಂದಿಗೂ ಕನ್ನಡದಲ್ಲೇ ಕೇಳಿಸುತ್ತದೆ.

ಇದನ್ನು ಅಂಚೆಯಲ್ಲಿ ಬರೆಯುವಂತಿರಲಿಲ್ಲ. ಅವರ ಚರ್ಚಿನ ಮುದುಕರೊಬ್ಬರು ಏಪ್ರಿಲ್‌ನಲ್ಲಿ ಆ ಕಡೆ ಹೋಗುವಾಗ ಬಾಯಿಮಾತಿನಲ್ಲೇ ಹೇಳಿ ಕಳಿಸಿದರು. ಆಗಲಿ ಎಂಬ ಉತ್ತರವೂ ಬಾಯಲ್ಲೇ ಬಂತು. ನಾನು ಯಾರಿಗೂ ಹೇಳಕೂಡದು, ನಮ್ಮವರಿಗೆ ಮಾತ್ರ ಹೇಳಬಹುದು. ಓನರಮ್ಮನ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಹಿಟ್ಟು ಅಂಟಿದ ಕೈ ಅದು, ನನ್ನ ಕೈಗೂ ಅಂಟಿತು.

ಮಂಗಳವಾರ ಎರಡೂ ಮುಕ್ಕಾಲಿಗೆ ಹಸಿರು ಸೀರೆಯುಟ್ಟು ಹೋಟೆಲಿನ ಕೆಳಗಿನ ಹಾಲಿಗೆ ಬಂದೆ. ಗೈಡ್ ಹುಡುಗಿ ಕೈಯಲ್ಲಿ ಛತ್ರಿ ಹಿಡಿದು ತಯಾರಾಗಿ ನಿಂತಿದ್ದಳು. ಆಗ ಡಾಕ್ಟ್ರು ಜೇಬಿನಿಂದ ಬೆಂಗಳೂರಿನ ಪಂಚಾಂಗ ತೆಗೆದರು.

"ಮೂರರಿಂದ ನಾಲ್ಕೂವರೆ ರಾಹುಕಾಲ. ಅದರ ಮೇಲೆ ಮಂಗಳವಾರ. ಹೊಸ ಊರಲ್ಲಿ ಮೊದಲನೇ ಹೆಜ್ಜೆ ಇಡೋದು, ನಾಳೆ ಎಲ್ರೂ ಮಕ್ಕಳು ಮರಿ ಕಟ್ಕೊಂಡು ಫ್ಲೈಟ್ ಹತ್ತಬೇಕು. ಕೂತ್ಕೊಳ್ರಪ್ಪ. ಒಂದೂವರೆ ಗಂಟೆ ತಡ ಆದ್ರೆ ಯಾರ ಗಂಟು ಹೋಗುತ್ತೆ?"

ಯಾರ ಗಂಟು ಹೋಗುತ್ತದೆಂದು ನನಗೆ ಗೊತ್ತಿತ್ತು. ಬಾಯಿ ಬಿಡುವಂತಿರಲಿಲ್ಲ. ಗೈಡ್ ಎದುರಿಗೇ ಇದ್ದಳು, ಅವಳು ಸರ್ಕಾರದ ನೌಕರಿಯವಳು. ಹಾಲಿನಲ್ಲಿ ಪತ್ರಿಕೆ ಹಿಡಿದು ಕೂತವರೆಲ್ಲ ಪತ್ರಿಕೆ ಓದುವವರೇ ಎಂದು ಹೇಗೆ ನಂಬುವುದು? ನಮ್ಮವರನ್ನು ಕಂಬದ ಮರೆಗೆ ಎಳೆದು ಗೋಗರೆದೆ. "ಹಿರಿಯರು ಹೇಳ್ತಿದಾರೆ, ನಾಲ್ಕು ಜನರ ಮುಂದೆ ರಂಪ ಮಾಡ್ಬೇಡ ಮಾರಾಯ್ತಿ. ಒಬ್ಳೇ ಹೋಗ್ತೀನಿ ಅಂತ ಮಾತ್ರ ಅನ್ಬೇಡ, ಪಾಸ್‌ಪೋರ್ಟ್ ಬೇರೆ ಹೋಟೆಲಿನ ಕೌಂಟರ್‌ನಲ್ಲಿದೆ," ಎಂದರು. ನಾನೇ ಡಾಕ್ಟ್ರ ಹತ್ತಿರ ಹೋಗಿ, ಹೊಸ ಊರು, ಬೆಳಕಿರುವಾಗ ನೋಡೋಣ, ಹೊರಡೋಣ ಎಂದೆ. "ಅಮ್ಮಾ, ಇಲ್ಲಿ ಎಂಟು ಗಂಟೆವರೆಗೂ ಬೆಳಕಿರುತ್ತೆ, ಎಲ್ಲಿಗೂ ಓಡಿಹೋಗಲ್ಲ ನಿನ್ನ ಪ್ರಾಗು," ಎಂದು ನಕ್ಕರು. ಉಳಿದವರೂ ನಕ್ಕರು.

ಈಗಲೂ ಕೇಳುತ್ತೇನೆ, ಆಸ್ಪತ್ರೆಯಲ್ಲಿ ಮಂಗಳವಾರ ಮೂರು ಗಂಟೆಗೆ ಯಾರದೋ ಹೊಟ್ಟೆ ಕೊಯ್ಯುವಾಗ ಈ ರಾಹು ಎಲ್ಲಿಗೆ ಹೋಗಿದ್ದ? ನಮ್ಮ ವಿಮಾನ ನ್ಯೂಯಾರ್ಕಿನಿಂದ ಯಾವ ಹೊತ್ತಿನಲ್ಲಿ ಹಾರಿತೆಂದು ಪಂಚಾಂಗ ತೆಗೆದು ನೋಡಿದರೇ? ಕ್ಯಾಪ್ಟನ್‌ಗೆ ಹೋಗಿ, ಸ್ವಲ್ಪ ತಡೀರಿ ಸಾರ್ ಅನ್ನುವ ಧೈರ್ಯವಿತ್ತೇ? ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ರಾಹುಕಾಲ ನೋಡುವವರನ್ನು ನಾನು ಆಡಿಕೊಳ್ಳುವವಳಲ್ಲ, ನಮ್ಮಮ್ಮನೂ ನೋಡುತ್ತಿದ್ದಳು. ಆದರೆ ನಮ್ಮಮ್ಮ ಅದನ್ನು ತನ್ನ ಕಾಲಿಗೆ ಕಟ್ಟಿಕೊಂಡಿದ್ದಳು, ಊರವರ ಕಾಲಿಗಲ್ಲ.

ಗೈಡ್ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಇವರ ದೇವರ ಹೊತ್ತೋ ಏನೋ ಎಂದುಕೊಂಡು ಎಲ್ಲಿಗೋ ಫೋನ್ ಮಾಡಿ, ನಾಲ್ಕೂವರೆಗೆ ಬರುತ್ತೇನೆಂದು ಹೋದಳು. ನಮ್ಮ ಗುಂಪಿನವರು ಕೋಡುಬಳೆ ಡಬ್ಬಿ ತೆಗೆದರು. ಯಾರೋ ಅಂತ್ಯಾಕ್ಷರಿ ಶುರು ಮಾಡಿದರು. ಗೋಡೆಯ ಮೇಲೆ ಗಡಿಯಾರವಿತ್ತು, ಅದರ ಎದುರಿಗೇ ನನ್ನ ಕುರ್ಚಿ. ಮೂರೂವರೆ... ಮೂರೂ ಮುಕ್ಕಾಲು... ನಾಲ್ಕು. ಗಾಜಿನ ಬಾಗಿಲಾಚೆ ಬೀದಿಯ ತುದಿಗೆ ಆ ಕಪ್ಪು ಗೋಪುರ ಕಾಣುತ್ತಿತ್ತು. ಅಲ್ಲಿಂದ ಸೇತುವೆಗೆ ಸರಸರ ನಡೆದರೆ ಇಪ್ಪತ್ತು ನಿಮಿಷ. ಪ್ರತಿ ತಿರುವೂ ನನಗೆ ಗೊತ್ತಿತ್ತು. ನನ್ನ ಸರದಿ ಬಂದಾಗ ಯಾವುದೋ ಹಾಡು ಕೂಡ ಹೇಳಿದೆ, ದೇವರೇ!

ನಾಲ್ಕೂವರೆಗೆ ಡಾಕ್ಟ್ರು ಎದ್ದು ಬಲಗಾಲು ಮುಂದಿಟ್ಟು ಹೊರಗೆ ಹೊರಟರು, ಹಿಂದೆ ನಾವೆಲ್ಲ. ಗೋಪುರ ಬಂತು, ಬೀದಿ ಬಂತು, ಚೌಕ ಬಂತು. ಓನರಮ್ಮ ಹೇಳಿದ ಒಂದು ಕಲ್ಲೂ ಆಚೀಚೆಯಾಗಿರಲಿಲ್ಲ. ನಾನು ಗೈಡ್‌ಗಿಂತ ಮುಂದೆ ಹೋಗಿ ಓಣಿಯ ಬಾಯಲ್ಲಿ ನಿಂತೆ. ಐದಕ್ಕೆ ಹತ್ತು ನಿಮಿಷವಿತ್ತು. ಆಗ ಗೈಡ್, ಐದು ಹೊಡೆದಾಗ ಬೊಂಬೆಗಳು ಬರುತ್ತವೆ, ನೋಡಿಕೊಂಡೇ ಹೋಗೋಣ ಎಂದಳು. ಎಲ್ಲರೂ ಗಡಿಯಾರದ ಕೆಳಗೆ ಕತ್ತೆತ್ತಿ ನಿಂತರು, ಡಾಕ್ಟ್ರು ಕ್ಯಾಮೆರಾ ತೆಗೆದು ಗೈಡ್ ಕೈಗೆ ಕೊಟ್ಟರು. "ಬಾರೇ, ಫೋಟೋಗೆ ನಿಂತ್ಕೋ," ಎಂದು ನಮ್ಮವರು ಕೈ ಹಿಡಿದು ಎಳೆದರು. ಆ ಫೋಟೋ ಇವತ್ತಿಗೂ ನಮ್ಮ ಆಲ್ಬಮ್ಮಿನಲ್ಲಿದೆ. ಹನ್ನೊಂದು ಜನ ನಗುತ್ತಿದ್ದಾರೆ, ಹಸಿರು ಸೀರೆಯವಳು ಬೇರೆ ಕಡೆ ನೋಡುತ್ತಿದ್ದಾಳೆ.

ಸೇತುವೆಯ ಗೋಪುರ ತಲುಪಿದಾಗ ಐದೂ ಕಾಲು. ಹೂ ಮಾರುವವಳೊಬ್ಬಳಿದ್ದಳು. ಸೈನಿಕರಿಬ್ಬರು ಐಸ್‌ಕ್ರೀಮ್ ತಿನ್ನುತ್ತಿದ್ದರು. ನೀಲಿ ತಲೆಬಟ್ಟೆ ಎಲ್ಲೂ ಇರಲಿಲ್ಲ. ಗೋಪುರವನ್ನು ಎರಡು ಸಲ ಸುತ್ತಿದೆ. ಆಮೇಲೆ ಗುಂಪಿನ ಹಿಂದೆ, ಎಡಕ್ಕೆ ಒಂದಾಳಿನಷ್ಟು ಜಾಗ ಬಿಟ್ಟುಕೊಂಡು, ಆ ಸೇತುವೆಯ ಆ ತುದಿಯವರೆಗೂ ನಡೆದೆ. ಯಾರೂ ಬಂದು ಜೊತೆಯಾಗಲಿಲ್ಲ.

ಎರಡು ತಿಂಗಳು ಊರಲ್ಲಿದ್ದು ಆಗಸ್ಟಿನ ಕೊನೆಗೆ ವಾಪಸ್ ಬಂದೆವು. ದಾರಿಯುದ್ದಕ್ಕೂ ನಮ್ಮವರು ಒಂದೇ ಮಾತು ಹೇಳುತ್ತಿದ್ದರು. "ನೋಡ್ದೆ ಅಂದ್ಬಿಡು. ಚೆನ್ನಾಗಿದಾರೆ, ಕಾಲು ಒಳಗೇ ಹೋಗುತ್ತೆ ಅಂದ್ಬಿಡು. ಮುದುಕಿಗೂ ಸಮಾಧಾನ, ನಿನಗೂ ಸಮಾಧಾನ." ಸುಳ್ಳೆಂದರೂ ಪುಣ್ಯದ ಸುಳ್ಳು ಎಂದು ನಾನೂ ಅರ್ಧ ಒಪ್ಪಿದ್ದೆ. ಮನೆಯ ಮುಂದೆ ಕಾರು ನಿಂತಾಗ ಓನರಮ್ಮ ಹೊರಗಿನ ಮೆಟ್ಟಿಲ ಮೇಲೆ ಒಳ್ಳೆಯ ಫ್ರಾಕು ಹಾಕಿಕೊಂಡು ಕೂತಿದ್ದರು. ಪೆಟ್ಟಿಗೆ ಇಳಿಸಲೂ ಬಿಡದೆ ನನ್ನ ಎರಡೂ ಕೈ ಹಿಡಿದು "ಹೇಳು," ಎಂದರು. ಆ ಮುಖ ನೋಡಿ ನನಗೆ ಸುಳ್ಳು ಹೇಳಲಾಗಲಿಲ್ಲ. ಹೋಗಲಾಗಲಿಲ್ಲ ಎಂದೆ.

ಯಾಕ್ಸಿಡೆಂಟ್ ಆಯಿತೇ, ಪೊಲೀಸರು ತಡೆದರೇ ಎಂದು ಕೇಳಿದರು. ಇಲ್ಲ, ರಾಹುಕಾಲವಿತ್ತು ಎಂದೆ. ರಾಹು ಎಂದರೆ ಯಾರು ಎಂದರು. ಅಯ್ಯೋ, ಟ್ಯಾಂಕುಗಳನ್ನು ನೋಡಿದ ಆ ಹೆಂಗಸಿಗೆ ನಾನು ಮೆಟ್ಟಿಲ ಮೇಲೆ ಕೂತು ರಾಹು ಯಾರೆಂದು ವಿವರಿಸಬೇಕಾಯಿತು. ಅವನು ಆಕಾಶದಲ್ಲಿ ಕಾಣಿಸುವುದಿಲ್ಲ, ನೆರಳಿನ ಗ್ರಹ, ದಿನಕ್ಕೆ ಒಂದೂವರೆ ಗಂಟೆ ಅವನದು, ಆ ಹೊತ್ತಿನಲ್ಲಿ ಹೊರಟರೆ ಕೆಟ್ಟದಾಗುತ್ತದೆ ಎಂದು. ಸಮಾಧಾನವಾಗಿ ಕೊನೆಯವರೆಗೂ ಕೇಳಿದರು. ನಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! "ಹಾಗಾದ್ರೆ ಅವಳು ಬಂದಿದ್ದಳೋ ಇಲ್ಲವೋ ನಿನಗೂ ಗೊತ್ತಿಲ್ಲ," ಎಂದಷ್ಟೇ ಹೇಳಿ, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು.

ಬಂದಿದ್ದಳು. ಕ್ರಿಸ್‌ಮಸ್ಸಿಗೆ ಮುಂಚೆ ತಂಗಿಯ ಕಾಗದ ಬಂತು. ಹವೆ, ಆಲೂಗಡ್ಡೆಯ ಬೆಲೆ, ಪಕ್ಕದ ಮನೆಯ ಬೆಕ್ಕು ಎಲ್ಲ ಬರೆದು ನಡುವೆ ಎರಡು ಸಾಲು. ಓನರಮ್ಮ ಅದನ್ನು ನನಗಾಗಿ ಇಂಗ್ಲಿಷಿಗೆ ಮಾಡಿ ಓದಿದರು. ಜೂನ್‌ನಲ್ಲಿ ಒಂದು ಮಂಗಳವಾರ ಸೇತುವೆಯ ಹತ್ತಿರ ಒಂದು ಗಂಟೆ ಗಾಳಿ ಸೇವನೆ ಮಾಡಿದೆ. ಐದು ಹೊಡೆದ ಮೇಲೆ ಕಾಲು ಸೋತಿತು, ಟ್ರಾಮ್ ಹತ್ತಿ ಮನೆಗೆ ಬಂದೆ, ಎಂದಿತ್ತು. ಓದಿ ಮಡಿಸಿಟ್ಟು, ನನಗೆ ಕಾಫಿ ಬಗ್ಗಿಸಿದರು.

ಅವಳು ಟ್ರಾಮ್ ಹತ್ತುವಾಗ ನಾನು ಬೊಂಬೆ ನೋಡುತ್ತಿದ್ದೆ.

ಮುಂದಿನ ವರ್ಷವೇ ತಂಗಿ ಹೋಗಿಬಿಟ್ಟಳು. ಶನಿವಾರದ ತಟ್ಟೆ ಮೆಟ್ಟಿಲ ಮೇಲೆ ಬರುವುದು ನಿಲ್ಲಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಮೇಜಿನ ಮೇಲೆ ಊರು ಹರಡುವುದು ನಿಂತಿತು. ಬೀದಿಯಲ್ಲಿ ನಡೆಯುವಾಗಲೂ ಬ್ಯಾಂಕಿನ ಗಡಿಯಾರದ ಮುಂದೆ ನಿಲ್ಲದೆ ಹೋಗುತ್ತಿದ್ದರು. ಒಂದು ಸಲ ನಾನೇ ಧೈರ್ಯ ಮಾಡಿ "ಬಲಕ್ಕಾ?" ಎಂದೆ. "ಮನೆಗೆ," ಎಂದರು. ಎಪ್ಪತ್ತಾರರ ಚಳಿಗಾಲದಲ್ಲಿ ಅವರೂ ಹೋದರು. ಚರ್ಚಿನವರು ಬಂದು ಎಲ್ಲ ಮಾಡಿದರು. ನಾನು ಹಸಿರು ಸೀರೆಯುಟ್ಟು ಹೋಗಿದ್ದೆ. ಸಾವಿನ ಮನೆಗೆ ಅಂಥ ಸೀರೆಯೇ ಎಂದು ನಮ್ಮ ಬಳಗದವರೊಬ್ಬರು ಆಮೇಲೆ ಆಡಿಕೊಂಡರಂತೆ. ಆಡಿಕೊಳ್ಳಲಿ.

ಅದಾದ ಮೇಲೆ ನಮ್ಮವರಿಗೆ ಕಾರು ಕಂಪನಿಯೊಂದರಲ್ಲಿ ಕೆಲಸವಾಗಿ ನಾವು ಡೆಟ್ರಾಯಿಟ್ ಕಡೆಗೆ ಬಂದೆವು. ಇಲ್ಲಿ ಒಬ್ಬರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ಹಿರಿಯ ಪುರೋಹಿತರೊಬ್ಬರು ಸಿಕ್ಕರು. ಪೂಜೆ ಶುರು ಮಾಡುವ ಮುಂಚೆ ಅವರು ಆ ದಿನ ಇಲ್ಲಿ ಸೂರ್ಯ ಎಷ್ಟಕ್ಕೆ ಹುಟ್ಟಿದ, ಎಷ್ಟಕ್ಕೆ ಮುಳುಗುತ್ತಾನೆ ಎಂದು ವಿಚಾರಿಸಿದರು. ಯಾಕೆಂದು ಕೇಳಿದೆ. "ರಾಹುಕಾಲ ಗಡಿಯಾರದ ಮೇಲಿಲ್ಲ ತಾಯಿ. ಆಯಾ ಊರಿನ ಹಗಲನ್ನ ಎಂಟು ಪಾಲು ಮಾಡ್ಬೇಕು. ಮಂಗಳವಾರಕ್ಕೆ ಏಳನೇ ಪಾಲು. ನಮ್ಮೂರಲ್ಲಿ ಹಗಲು ಹೆಚ್ಚುಕಮ್ಮಿ ಆರರಿಂದ ಆರು, ಅದಕ್ಕೇ ಮೂರರಿಂದ ನಾಲ್ಕೂವರೆ," ಎಂದರು.

ಅಲ್ಲೇ ಪೂಜೆಯ ಮನೆಯಲ್ಲಿ ಬೆರಳು ಮಡಿಸಿ ಲೆಕ್ಕ ಹಾಕಿದೆ. ಪ್ರಾಗ್‌ನ ಆ ಹೋಟೆಲಿನಲ್ಲಿ ಬೆಳಗಿನ ನಾಲ್ಕಕ್ಕೇ ಕಿಟಕಿ ಬೆಳ್ಳಗಾಗಿ ನನಗೆ ಎಚ್ಚರವಾಗಿತ್ತು. ರಾತ್ರಿ ಎಂಟರವರೆಗೂ ಬಿಸಿಲು. ಹದಿನಾರು ಗಂಟೆಯ ಹಗಲು, ಎರಡೆರಡು ಗಂಟೆಯ ಎಂಟು ಪಾಲು, ಏಳನೆಯದು ನಾಲ್ಕರಿಂದ ಆರು. ಅಂದರೆ ಮೂರು ಗಂಟೆಗೆ ಹೊರಟಿದ್ದರೆ ಒಳ್ಳೆಯ ಹೊತ್ತಿನಲ್ಲೇ ಹೊರಟಂತಾಗುತ್ತಿತ್ತು. ಆ ಒಳ್ಳೆಯ ಹೊತ್ತನ್ನೆಲ್ಲ ಕೋಡುಬಳೆ ತಿಂದು ಕಳೆದು, ನಾಲ್ಕೂವರೆಗೆ ಸರಿಯಾಗಿ ರಾಹುವಿನ ಬಾಯೊಳಗೆ ಬಲಗಾಲಿಟ್ಟು ನಡೆದಿದ್ದೆವು. ಹನ್ನೆರಡು ಜನ! ಅರ್ಧ ಜನ ಇಂಜಿನಿಯರುಗಳು! ಒಬ್ಬರಿಗೂ ಸೂರ್ಯನ ಕಡೆ ಕತ್ತೆತ್ತಿ ನೋಡುವುದು ಹೊಳೆಯಲಿಲ್ಲ.

ಪ್ರಸಾದ ಕೂಡ ತಿನ್ನದೆ ಮನೆಗೆ ಬಂದು ಓಕ್ ಬ್ರೂಕ್‌ಗೆ ಫೋನ್ ಮಾಡಿದೆ. ಡಾಕ್ಟ್ರಿಗೆ ಎಲ್ಲವನ್ನೂ ಹೇಳಿದೆ, ತಂಗಿಯನ್ನು, ನೀಲಿ ತಲೆಬಟ್ಟೆಯನ್ನು, ಹಗಲಿನ ಎಂಟು ಪಾಲನ್ನು. ಅವರ ಉತ್ತರ ಹೀಗಿತ್ತು.

"ಆಗ್ಲೇ ಒಂದು ಮಾತು ನನ್ನ ಕಿವೀಲಿ ಹಾಕ್ಬಾರ್ದಿತ್ತೇನಮ್ಮ? ಮೂರಕ್ಕೆ ಹತ್ತು ನಿಮಿಷ ಇರುವಾಗ ಒಂದು ಬ್ಯಾಗು ಹೊರಗಡೆ ಇಟ್ಟು ಬಂದಿದ್ರೆ ಪ್ರಸ್ಥಾನ ಆದ ಹಾಗೆ. ಆಮೇಲೆ ಯಾವಾಗ ಬೇಕಾದ್ರೂ ಹೊರಡಬಹುದಿತ್ತು. ಹೋಗ್ಲಿ ಬಿಡು, ಕೆಟ್ಟದ್ದೇನೂ ಆಗ್ಲಿಲ್ವಲ್ಲ, ಎಲ್ರೂ ಸೇಫಾಗಿ ಊರು ಸೇರಿದ್ವಿ."

ಕೆಟ್ಟದ್ದೇನೂ ಆಗಲಿಲ್ಲವಂತೆ. ಫೋನ್ ಕುಕ್ಕಿದೆ. ಆಮೇಲೆ ಅವರ ಮನೆಯ ಯಾವ ಸಮಾರಂಭಕ್ಕೂ ನಾನು ಹೋಗಲಿಲ್ಲ, ಅವರು ತೀರಿಕೊಂಡಾಗಲೂ ಹೋಗಲಿಲ್ಲ. ನಮ್ಮವರೊಬ್ಬರೇ ಹೋಗಿಬಂದರು. ನಾನು ಬಹಳ ಗಟ್ಟಿ ಮನಸ್ಸಿನವಳು ಎಂದು ಬಳಗದವರು ಹೇಳುತ್ತಿದ್ದರಂತೆ.

ಇದನ್ನೆಲ್ಲ ಹೋದ ವಾರ, ಸೀದ ಪಾತ್ರೆಯನ್ನು ನೆನೆಹಾಕಿ, ಊಟದ ಮೇಜಿನ ಮುಂದೆ ಕೂತು ಮೊಮ್ಮಗಳಿಗೆ ಹೇಳಿದೆ. ಕಾಲೇಜು ಓದುತ್ತಿದ್ದಾಳೆ, ನಾನು ಕನ್ನಡದಲ್ಲಿ ಹೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಡಾಕ್ಟ್ರನ್ನು ಅವಳೂ ನನ್ನ ಜೊತೆ ಬೈಯುತ್ತಾಳೆಂದು ಕಾದೆ. ಅವಳು ಫೋನನ್ನು ಮಗುಚಿಟ್ಟು ನನ್ನನ್ನೇ ನೋಡಿ, "ಬಟ್ ಅಜ್ಜಿ, ಯೂ ನ್ಯೂ ದ ವೇ. ವೈ ಡಿಡಂಟ್ ಯೂ ಜಸ್ಟ್ ಗೋ?" ಎಂದಳು.

ಪಾಸ್‌ಪೋರ್ಟ್ ಹೋಟೆಲಿನವರ ಹತ್ತಿರವಿತ್ತು ಎಂದೆ. ತಲೆಯಾಡಿಸಿದಳು. ನಿಮ್ಮ ತಾತ ಬೇಡವೆಂದರು ಎಂದೆ. ತಲೆಯಾಡಿಸಿದಳು. ಕಾಲ ಹಾಗಿತ್ತು, ಹಿರಿಯರ ಮಾತು ಮೀರುತ್ತಿರಲಿಲ್ಲ, ಗೈಡ್ ಸರ್ಕಾರದವಳು... ಎಲ್ಲಕ್ಕೂ ಮರ್ಯಾದೆಯಿಂದ ತಲೆಯಾಡಿಸಿ, ಇನ್ನೂ ಏನೋ ಹೇಳಲಿದ್ದೇನೆಂಬಂತೆ ಕಾಯುತ್ತ ಕೂತಳು. ಹೋಟೆಲಿನ ಆ ಗಾಜಿನ ಬಾಗಿಲಿಗೆ ಬೀಗವಿರಲಿಲ್ಲ.

ಓನರಮ್ಮನೂ ಇದನ್ನು ಕೇಳಬಹುದಿತ್ತು. ಆಮೇಲಿನ ಮೂರು ವರ್ಷ ದಿನಾ ಮೆಟ್ಟಿಲ ಮೇಲೆ ಎದುರಾಗುತ್ತಿದ್ದೆವು, ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ... ರಾಹುವಿಗೆ ಹೆದರಲಿಲ್ಲ ಅಮ್ಮ, ಪೊಲೀಸರಿಗೂ ಅಲ್ಲ, ಎದ್ದು ಹೋದರೆ ಈ ಹನ್ನೊಂದು ಜನ ನನ್ನನ್ನು ಏನಂದುಕೊಳ್ಳುತ್ತಾರೋ ಎಂದು ಹೆದರಿ ಕೂತೆ ಎಂದು. ಈಗ ಹೇಳಲು ಬಾಯಿ ಬಂದಿದೆ, ಕೇಳಲು ಅವರಿಲ್ಲ.